ಕೊಲೊನೋಸ್ಕೋಪಿ ವಿಭಾಗ: ಚಿಕಿತ್ಸೆಗೆ ಐದು ತಾರೆ, ಒಪ್ಪಿಗೆ ಪತ್ರಕ್ಕೆ ಒಂದು

ಮಲದಲ್ಲಿ ರಕ್ತ ಕಾಣಿಸಿಕೊಂಡದ್ದರಿಂದ 71 ವರ್ಷದ ನಮ್ಮ ತಂದೆಯವರಿಗೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದ ಮೂಲಕ ಹಾಕಿ ದೊಡ್ಡಕರುಳನ್ನು ನೋಡುವ ಪರೀಕ್ಷೆ, ಮಾಡಿಸಿದೆವು. ಆ ವೇಳೆ ಅವರ ದೊಡ್ಡಕರುಳಿಗೆ ತೂತು ಬಿತ್ತು. ಆದರೂ ನನ್ನ ದೂರು ಆ ತೂತಿನ ಬಗ್ಗೆ ಅಲ್ಲ.

ಪೂರ್ವಸಿದ್ಧತೆಯ ಚೀಟಿ ಚೊಕ್ಕ ಕನ್ನಡದಲ್ಲಿತ್ತು: ಸೊಪ್ಪು, ಕಾಳು ಬೇಡ, ಭೇದಿಯ ದ್ರಾವಣವನ್ನು ಹಿಂದಿನ ಸಂಜೆ ಅರ್ಧ, ಬೆಳಗಿನ ಜಾವ ಅರ್ಧ ಕುಡಿಯಬೇಕು. ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು. ಅದು ಬಂದದ್ದು ತಂದೆಯವರು ಕೈಗೆ ಡ್ರಿಪ್ ಸೂಜಿ ಚುಚ್ಚಿಸಿಕೊಂಡು ಟ್ರಾಲಿಯ ಮೇಲೆ ಮಲಗಿದ ಮೇಲೆ. "ಏನೂ ಆಗೋಲ್ಲ ಯಜಮಾನ್ರೇ, ಎಲ್ಲರೂ ಹಾಕೋದೇ" ಎಂದು ಸಿಬ್ಬಂದಿ ಪೆನ್ನು ಕೊಟ್ಟರು. ಬರೀ ನೋಡುವ ಪರೀಕ್ಷೆಯಲ್ಲಿ ಕರುಳು ತೂತಾಗುವುದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬುದು ನಿಜ. ಆದರೆ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟನ್ನು ಕತ್ತರಿಸುವಾಗ, ಅದರಲ್ಲೂ ಅದು ದೊಡ್ಡದಾಗಿದ್ದು ಗೋಡೆ ತೆಳುವಾಗಿರುವ ಬಲಭಾಗದಲ್ಲಿದ್ದರೆ, ಅಪಾಯ ಹೆಚ್ಚುತ್ತದೆ. ವಯಸ್ಸೂ, ಹಳೆಯ ಆಪರೇಷನ್‌ನಿಂದ ಅಂಟಿಕೊಂಡ ಕರುಳೂ ಅದನ್ನು ಇನ್ನಷ್ಟು ಏರಿಸುತ್ತವೆ. ಹೊಟ್ಟೆಯ ಆಪರೇಷನ್ ಆಗಿತ್ತೇ ಎಂದು ಸಹ ಯಾರೂ ಕೇಳಲಿಲ್ಲ.

ಮುಂದಿನದು ಬೇರೆಯೇ ಕಥೆ. ಬಲಭಾಗದಲ್ಲಿ ದೊಡ್ಡಕರುಳು ಶುರುವಾಗುವ ಸೀಕಮ್ ಬಳಿ ಸುಮಾರು ಎರಡು ಸೆಂಟಿಮೀಟರಿನ ಚಪ್ಪಟೆ ಪಾಲಿಪ್ಪನ್ನು ತುಂಡುತುಂಡಾಗಿ ತೆಗೆಯುವಾಗ ಗೋಡೆ ತೂತಾದದ್ದನ್ನು ವೈದ್ಯರು ಆ ಕ್ಷಣವೇ ಗುರುತಿಸಿ, ಅದೇ ನಳಿಕೆಯ ಮೂಲಕ ನಾಲ್ಕು ಲೋಹದ ಕ್ಲಿಪ್ ಹಾಕಿ ಮುಚ್ಚಿದರು. ಕರುಳು ಉಬ್ಬಿಸಲು ಅವರು ಬಳಸುತ್ತಿದ್ದದ್ದು ಮಾಮೂಲಿ ಗಾಳಿಯಲ್ಲ, ದೇಹ ಬೇಗ ಹೀರಿಕೊಳ್ಳುವ ಕಾರ್ಬನ್ ಡೈಆಕ್ಸೈಡ್. ಕರುಳು ಸ್ವಚ್ಛವಾಗಿದ್ದದ್ದರಿಂದ ಹೊಟ್ಟೆಯೊಳಗೆ ಹೊಲಸು ಸೋರಲಿಲ್ಲ. ನಮ್ಮ ತಾಯಿ ಗಡಿಯಾರ ನೋಡಿ ಲೋಟ ಲೋಟ ಕುಡಿಸಿದ ಆ ದ್ರಾವಣದ ಬೆಲೆ ನನಗೆ ಅರ್ಥವಾದದ್ದು ಆಗಲೇ.

ವೈದ್ಯರೇ ಹೊರಬಂದು ಫೋಟೋ ತೋರಿಸಿ, "ತೂತು ಬಿದ್ದಿದೆ, ಮುಚ್ಚಿದ್ದೇವೆ, ಆದರೆ ಕಾದು ನೋಡಬೇಕು" ಎಂದರು. ಒಂದು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಆಯಿತು, ಶಸ್ತ್ರಚಿಕಿತ್ಸಕರೂ ಬಂದು ನೋಡಿದರು. ಬಾಯಿಗೆ ಏನೂ ಇಲ್ಲ. ಡ್ರಿಪ್ ಮತ್ತು ಆಂಟಿಬಯೋಟಿಕ್ ಮಾತ್ರ. ಹೊಟ್ಟೆ ಹಲಗೆಯಂತೆ ಬಿಗಿದರೆ, ಜ್ವರವೂ ನಾಡಿಯೂ ಏರಿದರೆ ತಡಮಾಡದೆ ಆಪರೇಷನ್ ಎಂದು ಮೊದಲೇ ತಿಳಿಸಿದ್ದರು; ರಾತ್ರಿಯಿಡೀ ಕೆಲವು ಗಂಟೆಗೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಆ ಪ್ರಮೇಯ ಬರಲಿಲ್ಲ. ಮೂರನೆಯ ದಿನ ಗಂಜಿ ತಿಳಿ, ಐದನೆಯ ದಿನ ಮನೆ. ಪಾಲಿಪ್ ಕತ್ತರಿಸುವಾಗ ಸುಟ್ಟ ಜಾಗ ಕೆಲವು ದಿನಗಳ ನಂತರವೂ ತೂತಾಗಬಹುದಾದ್ದರಿಂದ ನೋವು, ಜ್ವರ ಬಂದರೆ ತಕ್ಷಣ ಬರಬೇಕೆಂದೂ, ಎಂ.ಆರ್.ಐ. ಮಾಡಿಸುವ ಮುನ್ನ ಕ್ಲಿಪ್‌ಗಳ ವಿಷಯ ತಿಳಿಸಬೇಕೆಂದೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರು.

ಆರು ತಿಂಗಳ ಮರುಪರೀಕ್ಷೆಗೆ ಅದೇ ವೈದ್ಯರ ಬಳಿಗೇ ಹೋಗುತ್ತೇವೆ. ಒಪ್ಪಿಗೆ ಪತ್ರವನ್ನು ಈ ಸಲ ಒಂದು ವಾರ ಮೊದಲೇ ಕೇಳಿ ತಂದಿದ್ದೇನೆ. ಅದಿನ್ನೂ ಇಂಗ್ಲಿಷಿನಲ್ಲೇ ಇದೆ. ತಂದೆಯವರಿಗೆ ಸಾಲುಸಾಲಾಗಿ ಓದಿ ಹೇಳುತ್ತಿದ್ದೇನೆ.