ಬೋಟಿಗೆ ಡೀಸೆಲ್ ತುಂಬುವಾಗ ಚೆಲ್ಲದಿರಲು: ಸೀಟಿ, ಆಟೋ ನಾಝಲ್, ಬಿಳಿ ಹಾಳೆ, ಕ್ಯಾನು

ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟ್ ಇದೆ. ಡೀಸೆಲ್ ತುಂಬುವಾಗ ನೀರಿಗೆ ಚೆಲ್ಲಬಾರದೆಂದು ಕಳೆದ ಋತುವಿನಲ್ಲಿ ಒಂದೊಂದೇ ಉಪಾಯ ಮಾಡಿ ನೋಡಿದೆ. ಕೊನೆಗೆ ನಮ್ಮಲ್ಲಿ ನಿಂತದ್ದು ವೆಲ್ಡಿಂಗ್ ಅಂಗಡಿಯಲ್ಲಿ ಬಾಗಿಸಿ ಮಾಡಿಸಿದ ಗಾಳಿ ಪೈಪ್ ಮತ್ತು ಅದರ ಬಾಯಿಗೆ ನೇತುಹಾಕುವ ಹತ್ತು ಲೀಟರಿನ ಕ್ಯಾನು. ಉಳಿದವುಗಳಲ್ಲಿ ಒಂದೆರಡು ಒಳ್ಳೆಯವೇ. ಅವು ಇದರ ಜೊತೆಗಿದ್ದರೆ ಚೆಂದ, ಇದರ ಬದಲಿಗೆ ಅಲ್ಲ.

ಡೀಸೆಲ್ ಹಾಕುವ ಬಾಯಿಯಿಂದ ಚೆಲ್ಲುವುದು ಕಡಿಮೆ. ಅಲ್ಲಿ ಆಳು ನಿಂತಿರುತ್ತಾನೆ, ಕಣ್ಣಿಗೆ ಕಾಣುತ್ತದೆ. ತೊಂದರೆ ಇರುವುದು ಗಾಳಿ ಪೈಪಿನಲ್ಲಿ. ಟ್ಯಾಂಕಿ ತುಂಬುತ್ತಿದ್ದಂತೆ ಒಳಗಿನ ಗಾಳಿ ಎಲ್ಲಿಂದಲಾದರೂ ಹೊರಗೆ ಹೋಗಬೇಕಲ್ಲ. ನಮ್ಮ ಬೋಟಿನಲ್ಲಿ ಆ ಪೈಪಿನ ಬಾಯಿ ಡೆಕ್ಕಿಗಿಂತ ಕೆಳಗೆ, ಹೊರಮೈಯಲ್ಲಿ, ನೀರಿನ ಕಡೆಗಿತ್ತು. ಟ್ಯಾಂಕಿ ಭರ್ತಿಯಾದರೆ ಮೊದಲು ಉಕ್ಕುವುದು ಅಲ್ಲಿಂದಲೇ. ದಕ್ಕೆಯ, ಅಂದರೆ ಬೋಟು ತಾಗಿ ನಿಲ್ಲುವ ಕಟ್ಟೆಯ, ಕಡೆ ನಿಂತವನಿಗೆ ಅದು ಕಾಣುವುದಿಲ್ಲ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿದ ಮೇಲೆ ಪಕ್ಕದ ಬೋಟಿನವರು ಕೂಗಿ ಹೇಳಬೇಕು.

ಇದಕ್ಕೆಂದು ಮೊದಲು ತರಿಸಿದ್ದು ಸೀಟಿ. ಗಾಳಿ ಪೈಪಿನ ನಡುವೆ ಕೂರಿಸುವ ಸಣ್ಣ ಸಾಧನ. ಗಾಳಿ ಹೋಗುತ್ತಿರುವಷ್ಟು ಹೊತ್ತು ಸಿಳ್ಳೆ ಕೇಳುತ್ತದೆ, ಡೀಸೆಲ್ ಅಲ್ಲಿಗೆ ಏರಿದಾಗ ಸಿಳ್ಳೆ ನಿಲ್ಲುತ್ತದೆ, ಕೂಡಲೇ ಪಂಪಿನ ನಾಝಲಿನ ಹಿಡಿ ಬಿಟ್ಟು ಡೀಸೆಲ್ ನಿಲ್ಲಿಸಬೇಕು. ಬೆಲೆ ಹೆಚ್ಚಲ್ಲ, ಕೂರಿಸುವುದೂ ಸುಲಭ. ಸದ್ದಿಲ್ಲದ ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಆದರೆ ಮಲ್ಪೆಯಲ್ಲಿ ಸದ್ದಿಲ್ಲದ ಹೊತ್ತು ಯಾವುದು? ನಾವು ಡೀಸೆಲ್ ಹಾಕಿಸುವುದೂ ಐಸ್ ತುಂಬಿಸುವುದೂ ಒಟ್ಟಿಗೇ. ಐಸ್ ಪುಡಿ ಮಾಡುವ ಯಂತ್ರಕ್ಕೆ ದೊಡ್ಡ ಗಡ್ಡೆ ಬಿದ್ದ ಕೂಡಲೇ ಎದುರು ನಿಂತವನ ಮಾತೂ ಕೇಳುವುದಿಲ್ಲ. ಈ ಸೀಟಿಯ ಎಚ್ಚರಿಕೆ ಇರುವುದು ಸದ್ದು ನಿಲ್ಲುವುದರಲ್ಲಿ. ಯಂತ್ರದ ಗದ್ದಲದಲ್ಲಿ ಸಿಳ್ಳೆ ನಿಂತದ್ದಕ್ಕೂ ಕೇಳಿಸದೇ ಹೋದದ್ದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೋಟು ನಡೆಸುವ ನಮ್ಮ ತಂಡೇಲರು ಪ್ರತಿ ಸಲವೂ ಕೇಳುತ್ತಿದ್ದರು: “ಅಣ್ಣಾ, ಸೀಟಿ ನಿಂತದ್ದಾ, ಅಲ್ಲ ಐಸಿನ ಗಲಾಟೆಗೆ ನಮಗೆ ಕೇಳದ್ದಾ?”

ಐಸನ್ನು ಬೇರೆ ಹೊತ್ತಿಗೆ ತುಂಬಿಸಬಹುದಲ್ಲ ಎಂದು ಕೆಲವರು ಹೇಳಿದರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳೆಲ್ಲ ಒಮ್ಮೆಗೇ ಹೊರಡುವಾಗ ದಕ್ಕೆಗೆ ತಾಗಿ ನಿಲ್ಲಲು ಜಾಗ ಸಿಗುವುದೇ ಪುಣ್ಯ. ಹಿಂದೆ ಕಾಯುವ ಬೋಟುಗಳ ಸಾಲು ಇರುತ್ತದೆ. ಎರಡು ಕೆಲಸಕ್ಕೆ ಎರಡು ಹೊತ್ತು ಕೇಳುವಂತಿಲ್ಲ. ಸಾಲದ್ದಕ್ಕೆ ಪಂಪಿನ ವೇಗ ಜಾಸ್ತಿ ಇದ್ದರೆ ಡೀಸೆಲ್ ನೊರೆ ಕಟ್ಟಿ ಪೈಪಿನೊಳಗೆ ಏರುತ್ತದೆ, ಸೀಟಿ ಒದ್ದೆಯಾಗಿ ಗೊರಗೊರ ಎಂದು ಟ್ಯಾಂಕಿ ತುಂಬುವ ಮೊದಲೇ ನಿಲ್ಲುತ್ತದೆ. ನಾಲ್ಕು ಸಲ ಸುಳ್ಳು ಹೇಳಿದ ಸೀಟಿಯನ್ನು ಐದನೇ ಸಲ ಬೋಟಿನ ಆಳುಗಳಾದ ಕಲಾಸಿಗಳು ನಂಬುವುದಿಲ್ಲ.

ಟ್ಯಾಂಕಿ ತುಂಬಿದಾಗ ತಾನೇ ನಿಲ್ಲುವ ಆಟೋ ನಾಝಲ್ ಬಗ್ಗೆ ನನಗೆ ಗೌರವವಿದೆ. ಮೂತಿಯ ತುದಿಯಲ್ಲಿ ಸಣ್ಣದೊಂದು ತೂತು, ಡೀಸೆಲ್ ಅದನ್ನು ಮುಚ್ಚಿದೊಡನೆ ಒಳಗಿನ ಗಾಳಿಯ ಸೆಳೆತ ಬದಲಾಗಿ ಟಕ್ ಎಂದು ನಿಲ್ಲುತ್ತದೆ. ಕಾರಿಗೆ ಇಷ್ಟು ಸಾಕು. ಬೋಟಿನಲ್ಲಿ ಗಾಳಿ ಪೈಪಿನ ಬಾಯಿ ತುಂಬುವ ಬಾಯಿಗಿಂತ ಕೆಳಗಿದ್ದರೆ ಡೀಸೆಲ್ ನಾಝಲಿನ ತುದಿಗೆ ಏರುವ ಮೊದಲೇ ಕಡಲಿಗೆ ಬಿದ್ದಾಗಿರುತ್ತದೆ. ನಾಝಲಿನ ಮಟ್ಟಿಗೆ ಟ್ಯಾಂಕಿ ಇನ್ನೂ ತುಂಬಿಲ್ಲ. ತೀರಾ ನಿಧಾನಕ್ಕೆ ಬಿಟ್ಟರೆ ಸೆಳೆತ ಸಾಲದೆ ನಿಲ್ಲುವುದೂ ಇಲ್ಲ. ಕೈ ಬಿಟ್ಟು ಆಚೆ ಹೋಗುವಂತಿಲ್ಲ.

ಬಿಳಿ ಹಾಳೆ, ಅಂದರೆ ಎಣ್ಣೆ ಹೀರುವ ಪಾಲಿಪ್ರೊಪಿಲೀನ್ ಹಾಳೆ, ಬೋಟಿನಲ್ಲಿ ಇರಲೇಬೇಕು. ನೀರು ಹೀರುವುದಿಲ್ಲ, ಎಣ್ಣೆ ಮಾತ್ರ ಹೀರುತ್ತದೆ, ತೇಲುತ್ತದೆ. ಆದರೆ ಅದು ಚೆಲ್ಲಿದ ಮೇಲಿನ ಮದ್ದು. ಬೆಲೆಯೂ ಕೈಕಚ್ಚುತ್ತದೆ. ಮರದ ಹುಡಿ ಡೆಕ್ಕಿನ ಮೇಲೆ ಆದೀತು, ನೀರಿಗೆ ಹಾಕಿದರೆ ನೀರನ್ನೇ ಕುಡಿದು ಎಣ್ಣೆಯ ಸಮೇತ ಮುಳುಗುತ್ತದೆ.

ಸೋಪಿನ ನೀರು ಎರಚುವುದನ್ನು ಮಾತ್ರ ದಯವಿಟ್ಟು ಬಿಡಿ. ಪೊರೆ ಕಣ್ಣಿಗೆ ಮಾಯವಾಗುತ್ತದೆ, ಅಷ್ಟೇ. ಡೀಸೆಲ್ ಸಣ್ಣ ಸಣ್ಣ ಹನಿಯಾಗಿ ಕೆಳಗಿಳಿದು ನೀರಿನಲ್ಲಿ ಬೆರೆಯುತ್ತದೆ, ಆಮೇಲೆ ಯಾವ ಹಾಳೆಯಿಂದಲೂ ತೆಗೆಯಲಾಗದು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ ಅದರೊಳಗಿನ ಇಂಧನ ತೈಲಕ್ಕಾಗಿ ಇಡೀ ಕರಾವಳಿ ಹೆದರಿತ್ತು. ದಕ್ಕೆಯಲ್ಲಿ ನಾವೇ ಚೆಲ್ಲುವ ಅರ್ಧ ಲೀಟರ್, ಒಂದು ಲೀಟರ್ ಯಾರ ಲೆಕ್ಕದಲ್ಲೂ ಇಲ್ಲ. ಅದೇ ನೀರಿನ ಪಕ್ಕದಲ್ಲಿ ಬಂಗುಡೆ, ಬೂತಾಯಿ ಇಳಿಸುತ್ತೇವೆ. ಡೀಸೆಲ್ ವಾಸನೆ ಹಿಡಿದ ಮೀನನ್ನು ಯಾರೂ ಕೊಳ್ಳುವುದಿಲ್ಲ.

ಇನ್ನು ನಮ್ಮ ಪೈಪು. ಭಾವ ಹಡಗಿನ ಎಂಜಿನ್ ವಿಭಾಗದಲ್ಲಿದ್ದಾನೆ, ದಾರಿ ತೋರಿಸಿದ್ದು ಅವನೇ. ಮಂಗಳೂರಿನ ಪಣಂಬೂರು ಬಂದರಿಗೆ ಬರುವಂಥ ದೊಡ್ಡ ಹಡಗುಗಳಲ್ಲಿ ಇಂಧನ ತುಂಬುವ ಮೊದಲು ಡೆಕ್ಕಿನ ನೀರು ಹೋಗುವ ತೂತುಗಳನ್ನು ಮುಚ್ಚುತ್ತಾರೆ, ಗಾಳಿ ಪೈಪಿನ ಬುಡದಲ್ಲಿ ಚೆಲ್ಲಿದ್ದನ್ನು ಹಿಡಿಯುವ ತಟ್ಟೆ ಇರುತ್ತದೆ, ಪಂಪಿನ ವೇಗವನ್ನು ಮೊದಲೇ ಗೊತ್ತು ಮಾಡಿಕೊಂಡು ಕೊನೆಯಲ್ಲಿ ತಗ್ಗಿಸುತ್ತಾರೆ. 400 ಒಟ್ಟು ಟನ್ನೇಜು (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಹಡಗುಗಳಲ್ಲಿ ತೈಲ ಸೋರಿಕೆಗೆ ತುರ್ತು ಯೋಜನೆ ಇರಲೇಬೇಕೆಂದು, ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದ ಹೇಳುತ್ತದೆ. ನಮ್ಮ ಬೋಟು ಆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕ್ರಮ ಅನುಸರಿಸಲು ಅಡ್ಡಿ ಏನು?

ಹಾಗೆ ಗಾಳಿ ಪೈಪನ್ನು ಡೆಕ್ಕಿನ ಮೇಲಕ್ಕೆ ತಂದು, ತುಂಬುವ ಬಾಯಿಗಿಂತ ಎತ್ತರಿಸಿ, ಕೊಡೆಯ ಹಿಡಿಯಂತೆ ಕೆಳಕ್ಕೆ ಬಾಗಿಸಿದೆವು. ಬಾಯಿಗೆ ಹಿತ್ತಾಳೆಯ ಜಾಲರಿ ಇದೆ. ತುಂಬುವ ಹೊತ್ತಿಗೆ ಕ್ಯಾನು ನೇತುಹಾಕುತ್ತೇವೆ, ಬಿಗಿಯಾಗಿ ಅಲ್ಲ, ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟು. ಗಾಳಿ ಕಟ್ಟಿದರೆ ಟ್ಯಾಂಕಿಗೆ ಒತ್ತಡ ಬರುತ್ತದೆ. ನೊರೆ ಬಂದರೆ ಕ್ಯಾನಿಗೆ ಬೀಳುತ್ತದೆ, ಅದನ್ನು ಸೋಸಿ ವಾಪಸ್ ಟ್ಯಾಂಕಿಗೆ ಹಾಕುತ್ತೇವೆ. ಇನ್ನೊಂದು ಲಾಭ ಎಂದರೆ ಈಗ ಆಟೋ ನಾಝಲ್ ಕೂಡ ಸರಿಯಾದ ಹೊತ್ತಿಗೆ ನಿಲ್ಲುತ್ತದೆ. ಡೀಸೆಲ್ ಮೊದಲು ಏರಬೇಕಾದದ್ದು ಅದರ ತುದಿಗೇ ತಾನೆ.

ಟ್ಯಾಂಕಿಯನ್ನು ಕಂಠಪೂರ್ತಿ ತುಂಬಿಸುವುದಿಲ್ಲ, ಅಳತೆ ಕೋಲು ಹಾಕಿ ನೂರರಲ್ಲಿ 95 ಪಾಲಿಗೆ ನಿಲ್ಲಿಸುತ್ತೇವೆ. ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ 1000 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿಯಾದರೆ ಸುಮಾರು 8 ಲೀಟರಿನಷ್ಟು ಹಿಗ್ಗುತ್ತದೆ. ಆ ಜಾಗ ಬಿಡದಿದ್ದರೆ ಬೋಟು ಹೊರಟ ಮೇಲೂ ಉಕ್ಕುತ್ತದೆ.

ಪೈಪು, ಬೆಸುಗೆ, ಕೂಲಿ ಎಲ್ಲ ಸೇರಿ ಒಂದು ಕಟ್ಟು ಬಿಳಿ ಹಾಳೆಗಿಂತ ಕಡಿಮೆಯಲ್ಲಿ ಮುಗಿಯಿತು. ನಾಡದೋಣಿಯವರಿಗೆ ಇದರ ಅಗತ್ಯವಿಲ್ಲ, ಇಂಧನದ ಕ್ಯಾನನ್ನು ದಡದಲ್ಲೇ ತುಂಬಿಸಿ ಮುಚ್ಚಳ ಬಿಗಿದು ದೋಣಿಗೆ ತಂದರೆ ಸಾಕು. ಸೀಟಿ ಬಿಚ್ಚಿಟ್ಟಿದ್ದೇನೆ, ಕೆಟ್ಟಿಲ್ಲ. ಐಸ್ ಯಂತ್ರದಿಂದ ದೂರ ಡೀಸೆಲ್ ಹಾಕಿಸುವ ಬೋಟಿನವರು ಕೇಳಿದರೆ ಕೊಡುತ್ತೇನೆ.