ಬೆಂಗಳೂರಲ್ಲಿ ಸುಮ್ಮನಿದ್ದ ವಾರ್ಡ್‌ರೋಬ್ ಮಂಗಳೂರಲ್ಲಿ ನಾರತೊಡಗಿತು: ನಾಲ್ಕು ವರ್ಷದ ಬಳಕೆಯ ನಂತರ

5ಕ್ಕೆ 3 ಸ್ಟಾರ್. ಒಂದು ಸ್ಟಾರನ್ನು ಪೂರ್ತಿ ವಾಸನೆಗೇ ಕಳೆದಿದ್ದೇನೆ. ಇನ್ನೊಂದು ಕಸ್ಟಮರ್ ಕೇರ್‌ಗೆ.

2021ರ ನವೆಂಬರಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ತರಿಸಿದ್ದು. ಮೂರು ಬಾಗಿಲು, 18 ಎಂಎಂ ಪ್ರಿಲ್ಯಾಮ್ (ಲ್ಯಾಮಿನೇಟ್ ಅಂಟಿಸಿಯೇ ಬರುವ) ಪಾರ್ಟಿಕಲ್ ಬೋರ್ಡ್, ಹಿಂಬದಿಗೆ ತೆಳ್ಳನೆ ಎಂಡಿಎಫ್, ಅಂದರೆ ಮರದ ನಾರಿನ ಹಲಗೆ. ಬಂದಾಗ ಸ್ವಲ್ಪ ಘಾಟಿತ್ತು. ಹತ್ತು ದಿನ ಬಾಗಿಲು ತೆರೆದಿಟ್ಟೆವು, ಹೋಯಿತು. ಆಗಲೇ ಬರೆದಿದ್ದರೆ ಕಣ್ಣುಮುಚ್ಚಿ ಐದು ಸ್ಟಾರ್ ಕೊಟ್ಟಿರುತ್ತಿದ್ದೆ.

2023ರ ಮೇನಲ್ಲಿ ಮಂಗಳೂರಿಗೆ ವರ್ಗವಾಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು, ಕಿಟಕಿ ಮುಚ್ಚಿತು. ಒಂದು ಬೆಳಿಗ್ಗೆ ಸೀರೆ ತೆಗೆಯಲು ಹೋದ ಅಮ್ಮ, "ಎಂತ ವಾಸನೆ ಮಗಾ ಇದು, ಕಣ್ಣು ಉರೀತದೆ" ಅಂತ ಹಿಂದೆ ಸರಿದರು. ನನಗೆ ಆ ವಾಸನೆ ತಕ್ಷಣ ಗುರುತು ಸಿಕ್ಕಿತು. ಪಿಯುಸಿ ಬಯಾಲಜಿ ಲ್ಯಾಬಿನಲ್ಲಿ ಗಾಜಿನ ಭರಣಿಯೊಳಗೆ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ಕಪ್ಪೆ! ಫಾರ್ಮಲಿನ್ ಅಂದರೆ ನೀರಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಮರದ ಪುಡಿಯನ್ನು ಹಲಗೆಯಾಗಿ ಹಿಡಿದಿಡುವ ಯೂರಿಯಾ ಅಂಟಿನಲ್ಲಿರುವುದೂ ಅದೇ. ತೇವ ತಗಲಿದರೆ ಆ ಅಂಟು ನಿಧಾನವಾಗಿ ಒಡೆದು ಅನಿಲ ಬಿಡುತ್ತದೆ. ಸೆಕೆ ಸೇರಿದರೆ ಇನ್ನೂ ಹೆಚ್ಚು. ಆರೇಳು ಡಿಗ್ರಿ ಏರಿದರೆ ಹೊರಬೀಳುವ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುವುದುಂಟು.

ಕಸ್ಟಮರ್ ಕೇರ್‌ನ ಹುಡುಗ "ಇ1 ಬೋರ್ಡ್ ಮೇಡಂ, ಸೇಫ್" ಅಂದ. ಇ1 ಅಂದರೆ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಹಲಗೆಯ ದರ್ಜೆ. ಸುಳ್ಳಲ್ಲ. ಆದರೆ ಯುರೋಪಿನ ಆ ಇ1 ಪರೀಕ್ಷೆಯ ಕೋಣೆಯಲ್ಲಿ 23 ಡಿಗ್ರಿ ತಾಪ, 45 ಶೇಕಡಾ ತೇವ, ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲು. ಜುಲೈಯ ಮಂಗಳೂರಿನಲ್ಲಿ ಆ ಕೋಣೆಯನ್ನು ಎಲ್ಲಿಂದ ತರಲಿ? ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಕೊಂಡು ಸೀರೆಗಳ ನಡುವೆ ಇಟ್ಟೆ: 84 ಶೇಕಡಾ.

ನುಸಿಗುಳಿಗೆ, ಇದ್ದಿಲು, ಕರ್ಪೂರ ಎಲ್ಲ ಆಯಿತು. ನುಸಿಗುಳಿಗೆ ಇಟ್ಟಾಗ ಎರಡು ವಾಸನೆ ಬಂತು, ಅಷ್ಟೇ. ಕೊನೆಗೆ ಬಡಗಿಯನ್ನು ಕರೆಸಿ ವಾರ್ಡ್‌ರೋಬನ್ನು ಗೋಡೆಯಿಂದ ಎಳೆಸಿದೆ. ಕಣ್ಣಿಗೆ ಕಾಣುವ ಕಡೆಯೆಲ್ಲ ಲ್ಯಾಮಿನೇಟ್. ಕಾಣದ ಕಡೆ ಲ್ಯಾಮಿನೇಟ್ ಇಲ್ಲದ ಬರೀ ಹಲಗೆ. ತಳದ ಅಂಚನ್ನು ಮುಚ್ಚುವ ಟೇಪೇ ಇಲ್ಲ, ಸ್ಕ್ರೂ ತೂತುಗಳೆಲ್ಲ ಬಾಯಿ ತೆರೆದುಕೊಂಡಿವೆ. ತಳದ ಅಂಚು ನೆನೆದ ರಸ್ಕಿನ ಹಾಗೆ ಉಬ್ಬಿತ್ತು, ಉಗುರು ಇಳಿಯಿತು. ಹಿಂಬದಿಯಲ್ಲಿ ಬೂದು ಬೂಷ್ಟು ಬೇರೆ. ಬೂಷ್ಟಿನದು ಮಣ್ಣಿನ ಕಮಟು, ಅದು ಬೇರೆ ರೋಗ. ಕಣ್ಣು ಉರಿಸುವುದು ಅಂಟು.

ಬಡಗಿ ಮೆಲಮೈನ್ ಪಾಲಿಶ್ ಹೊಡೆಯೋಣ ಅಂದರು. ಬೇಡ ಅಂದೆ, ಆ ಪಾಲಿಶ್ ಒಣಗುವಾಗ ಅದೂ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಳ್ಳನ ಕೈಗೇ ಬೀಗದ ಕೀ ಕೊಟ್ಟ ಹಾಗೆ. ಲ್ಯಾಮಿನೇಟ್ ಇಲ್ಲದ ಜಾಗಕ್ಕೆಲ್ಲ ಎರಡು ಕೋಟ್ ಪಿಯು (ಪಾಲಿಯುರೆಥೇನ್) ಪಾಲಿಶ್, ಅಂಚಿಗೆ ಟೇಪ್, ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ. ರಾತ್ರಿ ಒಂದೆರಡು ತಾಸು ಏಸಿ ಡ್ರೈ ಮೋಡ್‌ನಲ್ಲಿ. ಮಳೆ ಹೊಡೆಯುವಾಗ ಕಿಟಕಿ ತೆರೆದರೆ ಗಾಳಿಗಿಂತ ತೇವವೇ ಒಳಗೆ ಬರುತ್ತದೆ, ಅದನ್ನು ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ಅಸಲಿ ಮರವಾದರೆ ವಾಸನೆಯೇ ಇಲ್ಲ ಅನ್ನುವವರ ಮಾತನ್ನೂ ನಂಬಬೇಡಿ. ಅಜ್ಜನ ಕಾಲದ ತೇಗದ ಪೆಟ್ಟಿಗೆ ಪಕ್ಕದಲ್ಲೇ ಇದೆ, ಮಳೆಗಾಲದಲ್ಲಿ ಅದೂ ಹಳೇ ಚರ್ಮದ ಹಾಗೆ ಘಮ್ಮೆನ್ನುತ್ತದೆ. ಮರ ತಾನಾಗಿಯೂ ಒಂದಿಷ್ಟು ಅಸಿಟಿಕ್ ಆಮ್ಲ ಬಿಡುತ್ತದೆ. ಆದರೆ ಅದು ಮೂಗಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ.

ಹಿಂಜ್, ಡ್ರಾಯರ್ ರೈಲು, ಬೀಗ: ದೂರಿಲ್ಲ. ಕೊಳ್ಳುವವರಾದರೆ ಏಸಿ ಶೋರೂಮಿನಲ್ಲಿ ಮೂಸಿ ನೋಡಬೇಡಿ, ಹಿಂದೆ ಬಗ್ಗಿ ಅಂಚು ನೋಡಿ. ಈ ವರ್ಷದ ಮಳೆಗಾಲದಲ್ಲಿ ಒಳಗಿನ ತೇವ 65ರ ಆಸುಪಾಸಿನಲ್ಲೇ ನಿಂತಿತು, ಘಾಟು ಬಾಗಿಲು ತೆಗೆದ ಆ ಒಂದು ಕ್ಷಣಕ್ಕೆ ಮಾತ್ರ. ನನ್ನ ಮಗಳ ಬಟ್ಟೆಯನ್ನು ಮಾತ್ರ ಅಮ್ಮ ಇನ್ನೂ ತೇಗದ ಪೆಟ್ಟಿಗೆಯಲ್ಲೇ ಇಡುತ್ತಾರೆ.