ಆನ್‌ಲೈನ್ ಅರ್ಜಿ ತಿರಸ್ಕಾರವಾಯ್ತಾ? ಸಾಫ್ಟ್‌ವೇರ್ ಏನು ಓದಿಕೊಂಡಿದೆ ಅಂತ ಕೇಳಿ

ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವವರು ಇದನ್ನೊಮ್ಮೆ ಓದಿಬಿಡಿ.

ನಾನು ಲೆಕ್ಕಪತ್ರ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳು. ಅದೇ ಥರದ ಹುದ್ದೆಗೆ ಒಂದು ಕಂಪನಿಗೆ ರಾತ್ರಿ ಹೊತ್ತು ಅರ್ಜಿ ಕಳಿಸಿದೆ. ಎದ್ದು ನೀರು ಕುಡಿದು ಬರುವಷ್ಟರಲ್ಲಿ ತಿರಸ್ಕಾರದ ಮೇಲ್ ಬಂದು ಕೂತಿತ್ತು. 'ಕೂಲಂಕಷವಾಗಿ ಪರಿಶೀಲಿಸಿದ್ದೇವೆ' ಅಂತ ಬೇರೆ! ಅಷ್ಟೊತ್ತಿನಲ್ಲಿ ಯಾರು ಪರಿಶೀಲಿಸಿದರೋ.

ಕಾರಣ ಕೇಳಿದರೆ ಮತ್ತದೇ ಸಿದ್ಧ ಉತ್ತರ. ನಾನು ಬಿಡಲಿಲ್ಲ. ನನ್ನ ರೆಸ್ಯೂಮೆಯಿಂದ, ಅರ್ಜಿಗಳನ್ನು ಸೋಸುವ ನಿಮ್ಮ ಸಾಫ್ಟ್‌ವೇರ್ ಏನೇನು ತೆಗೆದುಕೊಂಡಿದೆಯೋ ಅದರ ಪ್ರತಿ ಕೊಡಿ ಅಂತ ಬೆನ್ನು ಬಿದ್ದೆ. ಅಂತೂ ಕೊಟ್ಟರು. ನೋಡ್ತೀನಿ, ಒಟ್ಟು ಅನುಭವ: 0 ವರ್ಷ!

ನನ್ನ ರೆಸ್ಯೂಮೆಯಲ್ಲಿ ಎರಡು ಕಾಲಂ ಇತ್ತು. ಎಡಕ್ಕೆ ಬಲ್ಲ ಕೆಲಸಗಳು, ಬಲಕ್ಕೆ ಹುದ್ದೆ, ಇಸವಿ. ಸಾಫ್ಟ್‌ವೇರ್ ಅದನ್ನು ಅಡ್ಡಡ್ಡ ಒಂದೇ ಸಾಲಾಗಿ ಓದಿಕೊಂಡಿದೆ. 'ಎಕ್ಸೆಲ್ ಹಿರಿಯ ಆಡಿಟ್ ಲೆಕ್ಕಾಧಿಕಾರಿ ತೆರಿಗೆ 2013' ಅನ್ನೋ ಕಲಸುಮೇಲೋಗರ. ಇಸವಿ ಯಾವ ಹುದ್ದೆಗೂ ಅಂಟಿಕೊಂಡಿಲ್ಲ.

ಇಷ್ಟಾದರೆ ಸರಿಮಾಡಬಹುದಿತ್ತು. ಅದರ ಕೆಳಗೆ ಇನ್ನೊಂದು ಸಾಲು: 'ಕೆಲಸದ ನಡುವೆ ಬಿಡುವು ಇದೆ, ಅಂಕ ಕಡಿತ.' ಮಗು ಹುಟ್ಟಿದಾಗ ಮನೆಯಲ್ಲಿದ್ದ ಸಮಯ ಅದು. ಹೆಂಗಸರಿಗೆ ಅಂಕ ಕಡಿಮೆ ಕೊಡು ಅಂತ ಯಾರೂ ಅದಕ್ಕೆ ಹೇಳಿರಲಿಕ್ಕಿಲ್ಲ. ಹೇಳಬೇಕಾಗಿಯೂ ಇಲ್ಲ. ಅಂಥ ಬಿಡುವು ಜಾಸ್ತಿ ಯಾರ ಪಾಲಿಗೆ ಬರುತ್ತೆ ಅಂತ ಎಲ್ಲರಿಗೂ ಗೊತ್ತು ಅಲ್ವಾ?

ಅಮೆಜಾನ್‌ನಂಥ ಕಂಪನಿಯೇ ಇಲ್ಲಿ ಎಡವಿದೆ. ಹತ್ತು ವರ್ಷಗಳ ಹಳೇ ರೆಸ್ಯೂಮೆಗಳನ್ನು ಕೊಟ್ಟು ಒಂದು ಸಾಫ್ಟ್‌ವೇರ್ ಪಳಗಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ 'ಮಹಿಳಾ' ಅನ್ನೋ ಪದ ಕಂಡರೆ ಅದು ಅಂಕ ಇಳಿಸುತ್ತಿತ್ತು. ಆ ಯೋಜನೆಯನ್ನೇ ಕೈಬಿಟ್ಟರು ಅಂತ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು.

ನನಗೆ ಸಿಕ್ಕಿದ್ದು 'ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ' ಅನ್ನೋ ಮೇಲ್ ಮಾತ್ರ. ಅಷ್ಟರಲ್ಲಿ ಹುದ್ದೆ ಬೇರೆಯವರಿಗೆ ಹೋಗಿತ್ತು.

ನೀವು ಒಂದು ಕೆಲಸ ಮಾಡಿ. ಕಳಿಸುವ ಮುಂಚೆ ರೆಸ್ಯೂಮೆಯನ್ನು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಹುದ್ದೆ, ಇಸವಿ ಹಿಂದುಮುಂದಾದರೆ ಸಾಫ್ಟ್‌ವೇರ್‌ಗೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ. ಒಂದೇ ಕಾಲಂನಲ್ಲಿ ಬರೆಯಿರಿ, ಟೇಬಲ್ ಬೇಡ. ತಿರಸ್ಕಾರ ಬಂದರೆ, ಮನುಷ್ಯರೊಬ್ಬರು ಇನ್ನೊಮ್ಮೆ ನೋಡಲಿ ಅಂತ ಲಿಖಿತವಾಗಿ ಕೇಳಿ. ಯುರೋಪ್ ಒಕ್ಕೂಟದಲ್ಲಿ ಇರುವವರು ಅಲ್ಲಿನ ಖಾಸಗಿ ಮಾಹಿತಿ ರಕ್ಷಣೆ ಕಾನೂನಾದ ಜಿಡಿಪಿಆರ್‌ನ 22ನೇ ವಿಧಿಯನ್ನೂ (ಬರೀ ಯಂತ್ರ ಮಾಡಿದ ತೀರ್ಮಾನದ ವಿರುದ್ಧ ಇರುವ ಹಕ್ಕು) ಅದೇ ಪತ್ರದಲ್ಲಿ ಹಾಕಿ. ಫೋನಿನಲ್ಲಿ ಮಾತ್ರ ಕೇಳಬೇಡಿ, ಆಮೇಲೆ ತೋರಿಸೋಕೆ ಏನೂ ಉಳಿಯಲ್ಲ.